ತಾಳ ಹಿಡಿಯುವ ಯಂತ್ರ ಯಾವುದು?
ವಾದ್ಯ ಮತ್ತು ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜಾತ್ರೆ, ಮದುವೆಗಳಲ್ಲಿ ಹಾಡುವ ಸಣ್ಣ ಆರ್ಕೆಸ್ಟ್ರಾ ನಮ್ಮದು. ತಾಳಕ್ಕೆ ಒಂದು ಹಾರ್ಡ್‌ವೇರ್ ಸೀಕ್ವೆನ್ಸರ್ (ಮೊದಲೇ ಜೋಡಿಸಿಟ್ಟ ತಾಳವನ್ನು ತಾನೇ ನುಡಿಸುವ ಯಂತ್ರ) ಇದೆ. ಗಾಯಕರು ಲಯ ಏರಿಸಿದಾಗ ಕೀಬೋರ್ಡಿನ ನಾಬ್ ತಿರುಗಿಸಿ ಅದರ ಟೆಂಪೊ ಏರಿಸೋಣವೆಂದು ಮಿಡಿ (ವಾದ್ಯಯಂತ್ರಗಳು ಒಂದಕ್ಕೊಂದು ಸಂದೇಶ ಕಳುಹಿಸುವ ವ್ಯವಸ್ಥೆ) ಕೇಬಲ್ ಜೋಡಿಸಿದೆ. ನಾಬಿಗೆ ಒಂದೊಂದೇ ಕಂಟ್ರೋಲ್ ನಂಬರ್ (ನಾಬ್ ಏನನ್ನು ಬದಲಿಸಬೇಕೆಂದು ತಿಳಿಸುವ ಸಂಖ್ಯೆ) ಕೊಟ್ಟು ನೋಡಿದೆ. ಧ್ವನಿ ಹೆಚ್ಚು ಕಡಿಮೆಯಾಗುತ್ತದೆ, ಟೆಂಪೊ ಮಾತ್ರ ಅಲುಗುವುದಿಲ್ಲ. ಸೀಕ್ವೆನ್ಸರ್ ಕೆಟ್ಟಿದೆಯೇ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಕೆಟ್ಟಿಲ್ಲ. ದಯವಿಟ್ಟು ರಿಪೇರಿಗೆಂದು ದುಡ್ಡು ಕಳೆಯಬೇಡಿ. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ನನ್ನ ರಿಪೇರಿ ಮೇಜಿಗೆ ಇದೇ ದೂರು ಹೊತ್ತು ಬಂದ ಯಂತ್ರಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದವು.

ನೀವು ಎಲ್ಲ ನಂಬರುಗಳನ್ನೂ ಹಾಕಿ ನೋಡಿದರೂ ಫಲವಿಲ್ಲ, ಏಕೆಂದರೆ ಮಿಡಿಯಲ್ಲಿ ಟೆಂಪೊಗೆಂದು ಗೊತ್ತುಮಾಡಿದ ಕಂಟ್ರೋಲ್ ನಂಬರೇ ಇಲ್ಲ. ಕೆಲವು ಕಂಪನಿಗಳು ತಮ್ಮ ಯಂತ್ರಕ್ಕಷ್ಟೇ ಒಂದನ್ನು ಇಟ್ಟುಕೊಂಡಿರುತ್ತವೆ, ಆ ಮಾತು ಬೇರೆ. ನಿಮ್ಮ ಊರಿನ ಭಜನೆಯನ್ನು ನೆನಪಿಸಿಕೊಳ್ಳಿ. ತಾಳ ಹಿಡಿದವರು ‘ಈಗ ಲಯ ನೂರು’ ಎಂದು ಯಾರಿಗೂ ಹೇಳುವುದಿಲ್ಲ. ಅವರು ತಾಳ ಹಾಕುತ್ತಾ ಹೋಗುತ್ತಾರೆ. ಎರಡು ಪೆಟ್ಟುಗಳ ನಡುವಿನ ಅಂತರ ಕೇಳಿಯೇ ದಮ್ಮಡಿಯವರೂ ಹಾರ್ಮೋನಿಯಂನವರೂ ಲಯ ಹಿಡಿಯುತ್ತಾರೆ. 1983ರಲ್ಲಿ ಬಂದ ಮಿಡಿಯೂ ಮಾಡುವುದು ಇದನ್ನೇ. ಮುಖ್ಯ ಯಂತ್ರವು ಒಂದು ಬೀಟಿಗೆ 24ರಂತೆ ‘ಕ್ಲಾಕ್’ ಎಂಬ ಮಿಡಿತಗಳನ್ನು ಕಳುಹಿಸುತ್ತದೆ. ನಿಮಿಷಕ್ಕೆ 100 ಬೀಟ್ ಇದ್ದರೆ ಎರಡು ಮಿಡಿತಗಳ ನಡುವೆ 25 ಮಿಲಿಸೆಕೆಂಡ್, 125 ಇದ್ದರೆ 20. ಟೆಂಪೊ ಇರುವುದು ಆ ಅಂತರದಲ್ಲಿ. ಕೇಬಲ್ಲಿನೊಳಗೆ 100 ಎಂಬ ಸಂಖ್ಯೆ ಹರಿಯುವುದೇ ಇಲ್ಲ.

ಕಂಪ್ಯೂಟರಿನ ಮಿಡಿ ಫೈಲಿನಲ್ಲಿ ಟೆಂಪೊ ಬರೆದಿರುತ್ತದಲ್ಲ ಎಂದು ಕೇಳುವವರಿದ್ದಾರೆ. ಹೌದು, ಒಂದು ಬೀಟಿಗೆ ಎಷ್ಟು ಮೈಕ್ರೊಸೆಕೆಂಡ್ ಎಂದು ಇರುತ್ತದೆ. 120ರ ಟೆಂಪೊಗೆ 5,00,000. ಆದರೆ ಫೈಲ್ ನುಡಿಸುವ ತಂತ್ರಾಂಶ ಅದನ್ನು ತಾನು ಓದಿಕೊಳ್ಳುತ್ತದೆಯೇ ಹೊರತು ಕೇಬಲ್ಲಿಗೆ ಬಿಡುವುದಿಲ್ಲ.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ಸೀಕ್ವೆನ್ಸರಿನ ಸಿಂಕ್ ಮೆನುವಿನಲ್ಲಿ ‘ಇಂಟರ್ನಲ್’ (ತನ್ನದೇ ಲಯ) ಇರುವುದನ್ನು ‘ಎಕ್ಸ್‌ಟರ್ನಲ್’ ಅಥವಾ ‘ಮಿಡಿ’ ಮಾಡಿ. ಕೀಬೋರ್ಡಿನಲ್ಲಿ ಕ್ಲಾಕ್ ಹೊರಗೆ ಕಳುಹಿಸುವ ಆಯ್ಕೆಯನ್ನು ತೆರೆಯಿರಿ. ಆಮೇಲೆ ಕೀಬೋರ್ಡಿನ ಸ್ವಂತ ಟೆಂಪೊವನ್ನು ಬದಲಿಸಿದರೆ ಸೀಕ್ವೆನ್ಸರ್ ಹಿಂಬಾಲಿಸುತ್ತದೆ. ಕ್ಲಾಕ್ ಬಂದ ಮಾತ್ರಕ್ಕೆ ಅದು ನುಡಿಯಲಾರಂಭಿಸುವುದಿಲ್ಲ. ‘ಸ್ಟಾರ್ಟ್’ ಸಂದೇಶವೂ ಬೇಕು. ನಾಬನ್ನು ಒಮ್ಮೆಲೇ ತಿರುಗಿಸಬೇಡಿ. ಹಲವು ಯಂತ್ರಗಳು ಬಂದ ಮಿಡಿತಗಳ ಸರಾಸರಿ ತೆಗೆದು ನಡೆಯುವುದರಿಂದ ಹೊಸ ಲಯಕ್ಕೆ ಹೊಂದಿಕೊಳ್ಳಲು ಅವಕ್ಕೆ ಒಂದೆರಡು ಬೀಟ್ ಬೇಕಾಗುತ್ತದೆ.

ನಿಮ್ಮ ಕೀಬೋರ್ಡ್ ಕ್ಲಾಕ್ ಕಳುಹಿಸುತ್ತದೆಯೇ ಎಂದು ತಿಳಿಯಲು ಕೈಪಿಡಿಯ ಕೊನೆಯ ಪುಟಗಳಲ್ಲಿರುವ ಮಿಡಿ ಕೋಷ್ಟಕ ತೆಗೆಯಿರಿ. ‘ಸಿಸ್ಟಂ ರಿಯಲ್ ಟೈಂ’ ಎಂಬ ಸಾಲಿನಲ್ಲಿ ‘ಕ್ಲಾಕ್’ ಎಂದಿರುವಲ್ಲಿ ಸೊನ್ನೆಯ ಗುರುತಿದ್ದರೆ ಉಂಟು, ಗುಣಿಸು ಚಿಹ್ನೆಯಿದ್ದರೆ ಇಲ್ಲ. ಇಲ್ಲದಿದ್ದರೆ ಸೀಕ್ವೆನ್ಸರನ್ನೇ ಮುಖ್ಯ ಮಾಡಿ, ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ಆರ್ಕೆಸ್ಟ್ರಾಕ್ಕೆ ನನಗೆ ಇದೇ ಹೆಚ್ಚು ಇಷ್ಟ: ಲಯ ತಾಳದವರ ಕೈಯಲ್ಲಿರಲಿ.

ಹಾವೇರಿಯ ಒಂದು ಕಾರ್ಯಕ್ರಮದಲ್ಲಿ ನಾನು ಎರಡು ಯಂತ್ರಗಳನ್ನೂ ‘ಇಂಟರ್ನಲ್’ನಲ್ಲಿಯೇ ಬಿಟ್ಟಿದ್ದೆ. ಎರಡೂ 96ರಲ್ಲಿ ಶುರುವಾದವು. ಎರಡನೆಯ ಚರಣಕ್ಕೆ ಗಾಯಕಿ ಲಯ ಏರಿಸಿದರು, ನಾನು ಒಂದನ್ನು 104ಕ್ಕೆ ತಂದೆ. ಇನ್ನೊಂದು 96ರಲ್ಲಿಯೇ ನಡೆಯಿತು. ಆಕೆ ಹಾಡುತ್ತಲೇ ಕುತ್ತಿಗೆ ಹೊರಳಿಸಿ ನನ್ನತ್ತ ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಕೇಬಲ್ ಜೋಡಿಸಿದೊಡನೆ ನಾನು ಮೊದಲು ನೋಡುವುದು ಸಿಂಕ್ ಮೆನುವನ್ನು.

ಪ್ರಶ್ನೆ: ವೇದಿಕೆಯಿಂದ ಮಿಕ್ಸರ್ ಮೇಜಿನವರೆಗೆ 20 ಮೀಟರ್ ಮಿಡಿ ಕೇಬಲ್ ಎಳೆಯಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಮಿಡಿ ಕೇಬಲ್ಲಿಗೆ ಹೇಳಿರುವ ಮಿತಿ 15 ಮೀಟರ್. ನಡುವೆ ಒಂದು ಮಿಡಿತ ಕಳೆದುಹೋದರೆ ಹಿಂಬಾಲಿಸುವ ಯಂತ್ರ ಬೀಟಿನ 24ನೆಯ ಒಂದು ಪಾಲು ಹಿಂದೆ ಬೀಳುತ್ತದೆ, ಮುಂದಿನ ‘ಸ್ಟಾರ್ಟ್’ ಬರುವವರೆಗೂ ಹಾಗೆಯೇ ಉಳಿಯುತ್ತದೆ. ಯಂತ್ರಗಳನ್ನು ಹತ್ತಿರಕ್ಕೆ ತನ್ನಿ, ಉದ್ದ ಎಳೆಯುವುದಿದ್ದರೆ ಆಡಿಯೊ ಕೇಬಲ್ ಎಳೆಯಿರಿ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ವಿಲಂಬಿತ (ನಿಧಾನ ಲಯದ) ಏಕತಾಲವನ್ನು ನಿಮಿಷಕ್ಕೆ 15 ಮಾತ್ರೆಯಲ್ಲಿ (ತಾಳದ ಎಣಿಕೆಯಲ್ಲಿ) ಅಭ್ಯಾಸ ಮಾಡಬೇಕು. ನನ್ನ ಸೀಕ್ವೆನ್ಸರ್ 30ಕ್ಕಿಂತ ಕೆಳಗೆ ಇಳಿಯುವುದಿಲ್ಲ.
– ವಿದ್ಯಾರ್ಥಿನಿ, ಗದಗ

ಉತ್ತರ: ವೀರೇಶ್ವರ ಪುಣ್ಯಾಶ್ರಮ ಇರುವ ಊರಿನಿಂದ ಬಂದ ಈ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಯಂತ್ರವನ್ನು 60ರಲ್ಲಿ ಇಟ್ಟು ಒಂದು ಮಾತ್ರೆಗೆ ನಾಲ್ಕು ಬೀಟ್ ಕೊಡಿ. ಆಗ 12 ಮಾತ್ರೆಗೆ 48 ಬೀಟ್, ಅಂದರೆ ಆವರ್ತನಕ್ಕೆ 48 ಸೆಕೆಂಡ್. ನಿಮ್ಮದು 64 ಹೆಜ್ಜೆಯ (ಸ್ಟೆಪ್) ಪ್ಯಾಟರ್ನ್ ಆಗಿದ್ದು, ಬೀಟಿಗೆ ನಾಲ್ಕು ಹೆಜ್ಜೆಯಿದ್ದರೆ ಒಂದರಲ್ಲಿ ನಾಲ್ಕು ಮಾತ್ರೆ ಹಿಡಿಯುತ್ತದೆ. ಮೂರು ಪ್ಯಾಟರ್ನ್ ಮಾಡಿ: ಮೊದಲನೆಯದರಲ್ಲಿ ‘ಧಿನ್ ಧಿನ್ ಧಾಗೆ ತಿರಕಿಟ’, ಎರಡನೆಯದರಲ್ಲಿ ‘ತೂ ನಾ ಕತ್ ತಾ’, ಮೂರನೆಯದರಲ್ಲಿ ‘ಧಾಗೆ ತಿರಕಿಟ ಧೀ ನಾ’. ‘ತಿರಕಿಟ’ದ ನಾಲ್ಕು ಅಕ್ಷರಗಳು ಬೀಟಿಗೊಂದರಂತೆ ಕೂರುತ್ತವೆ. ‘ಧಾಗೆ’ಯಲ್ಲಿ ‘ಧಾ’ ಮೊದಲ ಬೀಟಿಗೆ, ‘ಗೆ’ ಮೂರನೆಯದಕ್ಕೆ. ಮೂರನ್ನೂ ಸರಪಳಿಯಾಗಿ ಜೋಡಿಸಿ, ಮೊದಲ ‘ಧಿನ್’ ಅನ್ನು ಸ್ವಲ್ಪ ಜೋರಾಗಿ ಇಡಿ. ತಾನ್ (ವೇಗದ ಸ್ವರಸಂಚಾರ) ಮುಗಿಸಿ ಸಮ್‌ಗೆ (ಆವರ್ತನದ ಮೊದಲ ಮಾತ್ರೆಗೆ) ಬರುವಾಗ ಅದು ಸ್ಪಷ್ಟವಾಗಿ ಕೇಳಿಸಬೇಕು.