ಹಾಯಿದೋಣಿ ಓಡುವಾಗ ಗಾಳಿ ಯಾಕೆ ಬೇರೆ ಥರ ಅನಿಸುತ್ತದೆ?

ಗಾಳಿ ಹಿಂದಿನಿಂದ ಜೋರಾಗಿ ಬೀಸುತ್ತಿದ್ದರೂ ಹಾಯಿದೋಣಿಯಲ್ಲಿ ಕೂತವರಿಗೆ ಗಾಳಿಯೇ ಇಲ್ಲ ಅನಿಸುತ್ತದಂತೆ, ನಿಜವಾ ಅಂತ ಕೇಳಿದ್ದೀರಿ. ನಿಜ. ನಾನು ಗಂಗಾವತಿಯವನು. ನೌಕಾಪಡೆಯಲ್ಲಿದ್ದಾಗ ಕೊಚ್ಚಿಯಲ್ಲಿ ಹಾಯಿದೋಣಿ ನಡೆಸುವುದು ಕಲಿತೆ. ಆದರೆ ಸಮುದ್ರ ನೋಡುವ ಮುಂಚೆಯೇ ಕೊಪ್ಪಳದ ರಸ್ತೆಯಲ್ಲಿ ಇದನ್ನು ಕಂಡಿದ್ದೆ.

ಆಷಾಢದಲ್ಲಿ ನಮ್ಮ ಕಡೆ ಪಡುವಣ ಗಾಳಿ ಹೇಗಿರುತ್ತದೆ ಗೊತ್ತಲ್ವಾ? ಎಕ್ಸೆಲ್ ಗಾಡಿ ಹತ್ತಿ ಕೊಪ್ಪಳಕ್ಕೆ ಹೊರಟರೆ ಅಂಗಿ ಎದೆಗೆ ಅಂಟಿಕೊಳ್ಳುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಎಷ್ಟು ರೇಸ್ ಕೊಟ್ಟರೂ ಗಾಡಿ ಮುಂದೆ ಹೋಗಲ್ಲ. ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ. ಗಾಡಿ ಗಾಳಿಯ ವೇಗಕ್ಕೆ ಬಂತೋ, ಒಮ್ಮೆಲೇ ಸೆಕೆ. ಮುಖದ ಬೆವರು ಆರುವುದಿಲ್ಲ. ಧೂಳು ಹಿಂದೆ ಉಳಿಯದೆ ಜೊತೆಗೇ ಬರುತ್ತದೆ.

ದೋಣಿಯಲ್ಲೂ ಇಷ್ಟೇ. ಓಡಿದಷ್ಟೂ ಎದುರಿನಿಂದ ಒಂದು ಗಾಳಿ ಹುಟ್ಟುತ್ತದೆ. ಬೀಸುವ ಗಾಳಿ, ಓಟದ ಗಾಳಿ ಎರಡೂ ಸೇರಿ ಮೈಗೆ ತಾಗುತ್ತವೆ. ಗಾಳಿ ಗಂಟೆಗೆ 20 ಕಿ.ಮೀ., ದೋಣಿ 10 ಕಿ.ಮೀ. ಅಂದುಕೊಳ್ಳಿ. ಗಾಳಿ ಹಿಂದಿನಿಂದ ಬಂದರೆ ನಿಮಗೆ ತಾಗುವುದು ಬರೀ 10. ಮುಂದಿನಿಂದ ಓರೆಯಾಗಿ, 45 ಡಿಗ್ರಿಯಲ್ಲಿ ಬಂದರೆ ಸುಮಾರು 28. ಸರಿಯಾಗಿ ಪಕ್ಕದಿಂದ ಬಂದರೆ 22, ಆದರೆ ಪಕ್ಕದಿಂದ ಬಂದಂತೆ ಅನಿಸುವುದಿಲ್ಲ. ಸುಮಾರು 27 ಡಿಗ್ರಿ ಮುಂದಕ್ಕೆ ಸರಿದಿರುತ್ತದೆ. ಹಾಯಿಗೆ ಸಿಗುವುದೂ ಈ ತಾಗುವ ಗಾಳಿಯೇ. ಅದಕ್ಕೇ ಹಾಯಿಕಂಬದ ತಂತಿಗೆ ಉಲ್ಲನ್ ದಾರದ ತುಂಡು ಕಟ್ಟಿರುತ್ತಾರೆ. ಅದು ಹಾರುವ ದಿಕ್ಕು ನೋಡಿ ಹಾಯಿಯ ಹಗ್ಗ ಎಳೆಯಬೇಕು, ಇಲ್ಲವೇ ಬಿಡಬೇಕು.

ಹೊಸಬರು ಮೋಸ ಹೋಗುವುದು ಬೆನ್ನ ಗಾಳಿಯಲ್ಲಿ. ಒಂದು ಮಧ್ಯಾಹ್ನ ನಾನೂ ಹೋದೆ. ಗಾಳಿ ಹಿಂದೆ, ಬಿಸಿಲು ಹಿತವಾಗಿತ್ತು, ದಾರ ಸುಮ್ನೆ ಜೋತುಬಿದ್ದಿತ್ತು. ಗಾಳಿ ಏರಿದ್ದು ಗೊತ್ತೇ ಆಗಲಿಲ್ಲ. ದಡಕ್ಕೆ ಮರಳಲು ಪೂರ್ತಿ ಹಾಯಿ ಬಿಚ್ಚಿಕೊಂಡೇ ದೋಣಿ ತಿರುಗಿಸಿದೆ. ಕ್ಷಣದಲ್ಲಿ ಗಾಳಿ ಮೂರು ಪಟ್ಟಾದಂತೆ ಬಂದು ಬಡಿಯಿತು. ದೋಣಿ ಒಂದು ಮಗ್ಗುಲಿಗೆ ವಾಲಿ ಮಗುಚಿತು. ಲೈಫ್ ಜಾಕೆಟ್ ಇತ್ತು, ಬದುಕಿದೆ. ಆಮೇಲೆ ಬೆನ್ನ ಗಾಳಿಯಲ್ಲಿ ಹೋಗುವಾಗ ಮೈಯನ್ನು ನಂಬಲಿಲ್ಲ, ನೀರನ್ನು ನೋಡುತ್ತಿದ್ದೆ. ಅಲೆಗಳ ತುದಿಯಲ್ಲಿ ಬಿಳಿ ನೊರೆ ಜಾಸ್ತಿ ಆಯಿತು ಅಂದರೆ ತಿರುಗುವ ಮುಂಚೆಯೇ ಹಾಯಿ ಕಿರಿದು ಮಾಡಿಕೊಳ್ಳುತ್ತಿದ್ದೆ.

ನಿಮಗೆ ದೋಣಿ ಸಿಗದಿದ್ದರೆ ಬೈಕಿನ ಕನ್ನಡಿಗೆ ಒಂದು ಉಲ್ಲನ್ ದಾರ ಕಟ್ಟಿ. ಆಷಾಢದಲ್ಲಿ ಕೊಪ್ಪಳದಿಂದ ಗಂಗಾವತಿ ಕಡೆಗೆ, ಖಾಲಿ ರಸ್ತೆಯಲ್ಲಿ, ನಿಧಾನಕ್ಕೆ ವೇಗ ಏರಿಸಿ. ಗಾಡಿ ಗಾಳಿಯ ವೇಗ ಮುಟ್ಟಿದಾಗ ದಾರ ನೇರ ಕೆಳಗೆ ಜೋತುಬೀಳುತ್ತದೆ. ಮೆಲ್ಲಗೆ ಬ್ರೇಕ್ ಹಿಡಿಯಿರಿ, ಅದು ನಿಮಗಿಂತ ಮುಂದಕ್ಕೆ ಹಾರುತ್ತದೆ.