ವಿಶ್ವ ಮೇಳದ ಹಿತ್ತಿಲಲ್ಲಿ ಹುಟ್ಟಿದ ಥೀಮ್ ಪಾರ್ಕ್

ಓದುಗರ ಪತ್ರ: ನ್ಯೂಜೆರ್ಸಿಯ ಮಗನ ಮನೆಗೆ ಹೋಗಿ ಬಂದ ಶಿವಮೊಗ್ಗದ ನಿವೃತ್ತ ಅಧ್ಯಾಪಕಿಯೊಬ್ಬರು ಬರೆದಿದ್ದಾರೆ: “ಮೊಮ್ಮಕ್ಕಳ ಜೊತೆ ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿ ದೋಣಿಯಲ್ಲಿ ಕೂತು ದೇಶದೇಶದ ಗೊಂಬೆಗಳನ್ನು ನೋಡಿದೆ. ಇದು ಮೊದಲು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿತ್ತು ಎಂದ ಮಗ. ವಿಶ್ವ ಮೇಳವೆಂದರೆ ಜ್ಞಾನ, ವಿಜ್ಞಾನ, ಉದ್ಯಮಗಳ ಪ್ರದರ್ಶನ ಎಂದು ಪಾಠ ಮಾಡಿದವಳು ನಾನು. ಅದಕ್ಕೂ ಈ ಮೋಜಿನ ವ್ಯಾಪಾರಕ್ಕೂ ಏನು ನಂಟು? ನಮ್ಮ ದೇಶದ ಗೊಂಬೆ ಕಂಡಾಗ ಖುಷಿಯಾಯಿತು, ಜೊತೆಗೆ ಕಸಿವಿಸಿಯೂ ಆಯಿತು. ಆ ಮೇಳದ ಕುರುಹು ಏನಾದರೂ ಉಳಿದಿದೆಯೇ?”

ಮಾನ್ಯರೇ,

ನಿಮ್ಮ ಮಗ ಹೇಳಿದ್ದು ಮುಕ್ಕಾಲು ಪಾಲು ಸರಿ. 1964ರ ನ್ಯೂಯಾರ್ಕ್ ಮೇಳದಲ್ಲಿದ್ದ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಮೇಳ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಹೋಯಿತು, 1966ರಲ್ಲಿ ಅಲ್ಲಿ ಶುರುವಾಯಿತು. ನೀವು ನೋಡಿದ್ದು 1971ರಲ್ಲಿ ಫ್ಲಾರಿಡಾದಲ್ಲಿ ಕಟ್ಟಿದ ಎರಡನೆಯ ಪ್ರತಿ.

ಇನ್ನು ನಂಟಿನ ಮಾತು. ಜ್ಞಾನ ಆಚೆ, ಮೋಜು ಈಚೆ ಎಂದು ಗೆರೆ ಎಳೆದವರು ಮೇಳಗಳ ಸಂಘಟಕರೇ, ಹಣ ಸಾಲದಾದಾಗ ಆ ಗೆರೆ ಅಳಿಸಿದವರೂ ಅವರೇ. ಕೊಲಂಬಸ್ ಅಮೆರಿಕ ತಲುಪಿದ 400ನೆಯ ವರ್ಷದ ಹೆಸರಿನಲ್ಲಿ 1893ರಲ್ಲಿ ಷಿಕಾಗೊ ನಗರ ನಡೆಸಿದ ಮೇಳವನ್ನೇ ನೋಡಿ. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಇದೇ ಮೇಳದ ಅಂಗವಾಗಿ ನಡೆದದ್ದು. ಅವರ ಪ್ರಯಾಣಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರೂ ಒಬ್ಬರು. ಮೇಳದ ನಡುಭಾಗ ‘ವೈಟ್ ಸಿಟಿ’: ಕೃಷಿ, ಯಂತ್ರ, ವಿದ್ಯುತ್ತು, ಕಲೆ ಎಲ್ಲಕ್ಕೂ ಒಂದೊಂದು ಬೆಳ್ಳನೆಯ ಅರಮನೆ. ನೀವು ಪಾಠ ಮಾಡಿದ ಮೇಳ ಅದು. ಅದರ ಪಕ್ಕದಲ್ಲಿ ಸುಮಾರು ಒಂದು ಮೈಲಿ ಉದ್ದದ ಪಟ್ಟಿಯೊಂದಿತ್ತು, ಹೆಸರು ಮಿಡ್‌ವೇ ಪ್ಲೆಸಾನ್ಸ್. ಕಾಗದದ ಮೇಲೆ ಅದು ಹಾರ್ವರ್ಡಿನ ಮಾನವಶಾಸ್ತ್ರದ ಪ್ರೊಫೆಸರ್ ಫ್ರೆಡರಿಕ್ ಪಟ್ನಮ್ ಅವರ ವಿಭಾಗಕ್ಕೆ ಸೇರಿತ್ತು. ನಡೆಸಿದ್ದು ಮಾತ್ರ ಸೋಲ್ ಬ್ಲೂಮ್ ಎಂಬ ಇಪ್ಪತ್ತರ ಹರೆಯದ ವ್ಯಾಪಾರಿ. 1889ರ ಪ್ಯಾರಿಸ್ ಮೇಳದಲ್ಲಿ ಅಲ್ಜೀರಿಯಾದ ಹಳ್ಳಿಯ ಪ್ರದರ್ಶನಕ್ಕೆ ಜನ ಮುಗಿಬಿದ್ದದ್ದನ್ನು ಕಣ್ಣಾರೆ ಕಂಡವನು. ಕೈರೋದ ಬೀದಿ, ಒಂಟೆ ಸವಾರಿ, ಹೊಟ್ಟೆ ಕುಣಿಸುವ ನಾಟ್ಯ, ಪಳಗಿಸಿದ ಹುಲಿ ಸಿಂಹ, ಎಲ್ಲವೂ ಆ ಪಟ್ಟಿಯಲ್ಲಿ. ಥೀಮ್ ಪಾರ್ಕಿನ ತವರು ಅರಮನೆಗಳಲ್ಲ, ಈ ಹಿತ್ತಿಲು.

ನಮ್ಮ ಜಾತ್ರೆಗಳ ಜೈಂಟ್ ವೀಲ್ ಕೂಡ ಈ ಹಿತ್ತಿಲಿನದೇ. ಪ್ಯಾರಿಸಿನ ಐಫೆಲ್ ಗೋಪುರವನ್ನು ಮೀರಿಸುವಂಥದ್ದು ಏನಾದರೂ ಬೇಕು ಎಂದು ಸಂಘಟಕರು ಹಟ ಹಿಡಿದಾಗ, ಸೇತುವೆಗಳ ಉಕ್ಕನ್ನು ಬಲ್ಲ ಎಂಜಿನಿಯರ್ ಜಾರ್ಜ್ ಫೆರಿಸ್ 264 ಅಡಿ ಎತ್ತರದ ಚಕ್ರ ನಿಲ್ಲಿಸಿದರು. 36 ಡಬ್ಬಿ, ಒಂದೊಂದರಲ್ಲಿ 60 ಜನ. ಮೇಳ ಮೇ ತಿಂಗಳಲ್ಲೇ ಶುರುವಾಗಿತ್ತು, ಚಕ್ರ ತಿರುಗಿದ್ದು ಜೂನ್ 21ಕ್ಕೆ. ಟಿಕೆಟ್ 50 ಸೆಂಟ್, ಅಂದರೆ ಇಡೀ ಮೇಳದ ಪ್ರವೇಶಕ್ಕೆ ಕೊಟ್ಟಷ್ಟೇ ದುಡ್ಡು ಈ ಒಂದಕ್ಕೆ. ಆದರೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹತ್ತಿದರು. ಮರದ ತಿರುಗುತೊಟ್ಟಿಲುಗಳು ಅದಕ್ಕೂ ಎಷ್ಟೋ ಮುಂಚೆ ಇದ್ದವು. ಆದರೆ ಒಂದೇ ಸಲಕ್ಕೆ ಎರಡು ಸಾವಿರ ಜನರನ್ನು ಕೂರಿಸಿ, ತಿರುಗಿಸಿ, ಇಳಿಸಿ, ಮುಂದಿನವರನ್ನು ಕರೆಯುವ ಯಂತ್ರ ಹೊಸದು.

ವಾಲ್ಟ್ ಡಿಸ್ನಿಯ ಅಪ್ಪ ಎಲಿಯಾಸ್ ಈ ಮೇಳ ಕಟ್ಟುವಾಗ ಬಡಗಿ ಕೆಲಸ ಮಾಡಿದ್ದ ಎಂಬುದನ್ನು ಎಲ್ಲರೂ ಬಾಯಿ ಚಪ್ಪರಿಸಿ ಬರೆಯುತ್ತಾರೆ. ಮಗ ಹುಟ್ಟಿದ್ದೇ 1901ರಲ್ಲಿ. ನನಗೆ ಅದು ಅಷ್ಟು ದೊಡ್ಡ ಸಾಕ್ಷಿ ಅನ್ನಿಸುವುದಿಲ್ಲ. ಜಾರ್ಜ್ ಟಿಲ್ಯೂ ಕಥೆ ಇದಕ್ಕಿಂತ ಗಟ್ಟಿ. ಮಧುಚಂದ್ರಕ್ಕೆಂದು ಷಿಕಾಗೊಗೆ ಬಂದ ಈತ ಆ ಚಕ್ರವನ್ನೇ ಕೊಳ್ಳಲು ಹೊರಟ. ಸಿಗದಿದ್ದಾಗ ಅದರ ಅರ್ಧದಷ್ಟೂ ಎತ್ತರವಿಲ್ಲದ್ದೊಂದನ್ನು ಮಾಡಿಸಿ, ನ್ಯೂಯಾರ್ಕಿನ ಕೋನಿ ಐಲ್ಯಾಂಡ್ ಕಡಲ ತೀರದಲ್ಲಿ ನಿಲ್ಲಿಸಿ, ‘ಜಗತ್ತಿನ ಅತಿ ದೊಡ್ಡ ಚಕ್ರ’ ಎಂದು ಬೋರ್ಡು ಹಾಕಿದ! 1897ರಲ್ಲಿ ಅಲ್ಲೇ ಸುತ್ತ ಬೇಲಿ ಹಾಕಿ ಸ್ಟೀಪಲ್‌ಚೇಸ್ ಪಾರ್ಕ್ ತೆರೆದ.

ಮುಂದಿನ ಹೆಜ್ಜೆ 1901ರಲ್ಲಿ ಬಫಲೋ ನಗರದಲ್ಲಿ ನಡೆದ ಮೇಳದ್ದು. ಅಲ್ಲಿ ಫ್ರೆಡರಿಕ್ ಥಾಂಪ್ಸನ್ ಎಂಬಾತ ‘ಚಂದ್ರಯಾತ್ರೆ’ ಮಾಡಿಸುತ್ತಿದ್ದ. ರೆಕ್ಕೆ ಬಡಿಯುವ ‘ಲೂನಾ’ ಎಂಬ ಹಡಗಿನಲ್ಲಿ ಜನರನ್ನು ಕೂರಿಸಿ, ಅದನ್ನು ತೂಗಾಡಿಸಿ, ಸುತ್ತಲೂ ಬರೆದ ಪರದೆಗಳನ್ನು ಸರಿಸಿ, ಗಾಳಿ ಬೀಸಿ, ದೀಪ ಆಡಿಸಿ ಭೂಮಿ ಕೆಳಗೆ ಉಳಿದಂತೆ ತೋರಿಸುವುದು. ಇಳಿದರೆ ಚಂದ್ರಲೋಕದ ಗುಹೆ, ಅಲ್ಲಿ ಕುಳ್ಳ ಚಂದ್ರವಾಸಿಗಳಿಂದ ಸ್ವಾಗತ. ಹಡಗು ಒಂದಿಂಚೂ ಮುಂದೆ ಹೋಗಿರುತ್ತಿರಲಿಲ್ಲ. ಈಗಿನ ಪಾರ್ಕುಗಳಲ್ಲಿ ಅಲುಗಾಡುವ ಸೀಟಿನಲ್ಲಿ ಕೂತು ಬಾಹ್ಯಾಕಾಶಕ್ಕೆ ಹೋಗಿಬರುವ ಆಟಗಳಿಗೆ ಇದೇ ಹಿರಿಯಜ್ಜ. ಮೇಳ ಮುಗಿದ ಮೇಲೆ, 1902ರಲ್ಲಿ, ಟಿಲ್ಯೂ ಇದನ್ನು ತನ್ನ ಪಾರ್ಕಿಗೆ ಕರೆಸಿಕೊಂಡ. ಮರುವರ್ಷ, 1903ರಲ್ಲಿ, ಥಾಂಪ್ಸನ್ ತನ್ನ ಪಾಲುದಾರ ಡಂಡಿ ಜೊತೆ ಸೇರಿ ಹತ್ತಿರದಲ್ಲೇ ಲೂನಾ ಪಾರ್ಕ್ ಕಟ್ಟಿದ.

ಈ ಇಡೀ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕುರ್ಚಿ. ಮೇಳಕ್ಕೆ ಬಂದವನು ಮೊದಲು ನಡೆದು ನೋಡುತ್ತಿದ್ದ. ಬೇಕಾದಲ್ಲಿ ನಿಲ್ಲುತ್ತಿದ್ದ, ಬೇಡವಾದರೆ ಮುಂದೆ ಹೋಗುತ್ತಿದ್ದ. ಕೂರಿಸಿದ ಮೇಲೆ ಅವನು ಏನನ್ನು, ಯಾವಾಗ, ಎಷ್ಟು ಹೊತ್ತು ನೋಡಬೇಕು ಎನ್ನುವುದು ತೋರಿಸುವವನ ಕೈಗೆ ಹೋಯಿತು. 1939ರ ನ್ಯೂಯಾರ್ಕ್ ಮೇಳದಲ್ಲಿ ಜನರಲ್ ಮೋಟಾರ್ಸ್ ಕಂಪನಿಗಾಗಿ ನಾರ್ಮನ್ ಬೆಲ್ ಗೆಡ್ಡಿಸ್ ಕಟ್ಟಿದ ‘ಫ್ಯೂಚರಾಮ’ದಲ್ಲಿ ಚಲಿಸುವ ಕುರ್ಚಿಗಳ ಸಾಲು 1960ರ ಅಮೆರಿಕದ ಭಾರಿ ಮಾದರಿಯ ಮೇಲಿಂದ ಹೋಗುತ್ತಿತ್ತು, ಕುರ್ಚಿಯೊಳಗಿಂದಲೇ ವಿವರಣೆ. ಮಾದರಿಯ ತುಂಬ ಅಗಲಗಲ ಹೆದ್ದಾರಿಗಳು. ಕಾರು ಮಾರುವ ಕಂಪನಿ ತೋರಿಸುವ ಭವಿಷ್ಯದಲ್ಲಿ ಇನ್ನೇನಿರುತ್ತದೆ? ಕಡೆಗೆ, ಮಾದರಿಯಲ್ಲಿ ಆಗತಾನೆ ಕಂಡ ಬೀದಿಯ ಚೌಕಕ್ಕೇ, ಈಗ ನಿಜದ ಅಳತೆಯಲ್ಲಿ, ಜನ ಇಳಿದು ಬರುತ್ತಿದ್ದರು. ಜ್ಞಾನವೋ, ಜಾಹೀರಾತೋ? ಅಂದಿನ ಜನ ಬಿಡಿಸಿ ನೋಡುವ ಗೋಜಿಗೆ ಹೋಗದೆ ಕ್ಯೂ ನಿಂತರು.

1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ವಾಲ್ಟ್ ಡಿಸ್ನಿ 1964ರ ಮೇಳಕ್ಕೆ ನಾಲ್ಕು ಪ್ರದರ್ಶನ ಮಾಡಿಕೊಟ್ಟರು. ದುಡ್ಡು ಫೋರ್ಡ್, ಜನರಲ್ ಎಲೆಕ್ಟ್ರಿಕ್, ಪೆಪ್ಸಿ, ಇಲಿನಾಯ್ ರಾಜ್ಯ ಇವರದು. ಕಲಿತ ತಂತ್ರ ಡಿಸ್ನಿಯದು. ಎದ್ದು ನಿಂತು ಭಾಷಣ ಮಾಡುವ ಲಿಂಕನ್ ಬೊಂಬೆ ಅಲ್ಲಿ ಬಂತು. ಫೋರ್ಡ್ ಕಾರುಗಳನ್ನು ಹಳಿಯಲ್ಲಿ ಹುದುಗಿಸಿದ ಉರುಳುಚಕ್ರಗಳಿಂದ ತಳ್ಳಿದ ಉಪಾಯ 1967ರಲ್ಲಿ ಡಿಸ್ನಿಲ್ಯಾಂಡಿನ ಪೀಪಲ್‌ಮೂವರ್ ಎಂಬ ಬಂಡಿ ಸವಾರಿಯಾಯಿತು. ನಿಮ್ಮ ಗೊಂಬೆ ದೋಣಿಗಳದು ಇನ್ನೂ ಸ್ವಾರಸ್ಯ. ಕೆರಿಬಿಯನ್ ಕಡಲ್ಗಳ್ಳರ ಪ್ರದರ್ಶನವನ್ನು ಡಿಸ್ನಿ ಮೊದಲು ಯೋಚಿಸಿದ್ದು ನಡೆದು ನೋಡುವ ಮೇಣದ ಬೊಂಬೆ ಮನೆಯಾಗಿ. ನ್ಯೂಯಾರ್ಕಿನ ದೋಣಿಗಳು ಜನರನ್ನು ತಡೆಯಿಲ್ಲದೆ ಸಾಗಿಸಿದ್ದನ್ನು ಕಂಡ ಮೇಲೆ ಅದೂ ದೋಣಿ ಸವಾರಿಯಾಯಿತು.

ನಿಮ್ಮ ಕಸಿವಿಸಿಗೆ ಕಾರಣವನ್ನೂ ಹಿತ್ತಿಲಲ್ಲೇ ಹುಡುಕಬೇಕು. ಆ ಮಿಡ್‌ವೇಯಲ್ಲಿ ಕುಣಿತ, ತಿಂಡಿಗಳ ನಡುವೆ ಪಶ್ಚಿಮ ಆಫ್ರಿಕಾದ ದಹೋಮಿಯ ಜನರನ್ನೂ ‘ಹಳ್ಳಿ’ ಕಟ್ಟಿ ತೋರಿಸಿದರು. 1904ರ ಸೇಂಟ್ ಲೂಯಿ ಮೇಳದಲ್ಲಿ ಫಿಲಿಪ್ಪೀನ್ಸಿನ ಬುಡಕಟ್ಟಿನವರನ್ನು ತಂದು ಇರಿಸಿದರು. ಷಿಕಾಗೊದಲ್ಲಿ ಕಪ್ಪು ಅಮೆರಿಕನ್ನರಿಗೆ ತಕ್ಕ ಜಾಗ ಕೊಡದ್ದನ್ನು ಪ್ರಶ್ನಿಸಿ ಐಡಾ ಬಿ. ವೆಲ್ಸ್, ಫ್ರೆಡರಿಕ್ ಡಗ್ಲಸ್ ಮೊದಲಾದವರು ಕಿರುಹೊತ್ತಗೆ ಅಚ್ಚು ಹಾಕಿಸಿ ಮೇಳದಲ್ಲೇ ಹಂಚಿದರು. ಗೊಂಬೆಗಳಿಗೆ ಆ ಕ್ರೌರ್ಯವಿಲ್ಲ. ಯುನಿಸೆಫ್ ಹೆಸರಿನಲ್ಲಿ, ಮಕ್ಕಳೆಲ್ಲ ಒಂದೇ ಎನ್ನುವ ಸದಾಶಯದಿಂದ ಬಂದವು. ಆದರೂ ದೇಶಕ್ಕೊಂದು ಉಡುಪು, ಒಂದು ಕುಣಿತ, ಒಂದು ಗೋಪುರ ಎಂದು ಹಂಚಿಕೊಟ್ಟು ಮುಗಿಸುವ ಚಾಳಿ ಅಲ್ಲಿಂದ ಬಂದದ್ದೇ. ಫ್ಲಾರಿಡಾದಲ್ಲಿ ಡಿಸ್ನಿ ಕಂಪನಿ 1982ರಲ್ಲಿ ತೆರೆದ ಎಪ್ಕಾಟ್ ಪಾರ್ಕ್ ಒಂದು ಕಾಯಂ ವಿಶ್ವ ಮೇಳ. ಅದರ ಕೊಳದ ಸುತ್ತ 11 ದೇಶಗಳ ಮಂಟಪಗಳಿವೆ, ಭಾರತದ್ದಿಲ್ಲ. ಅದಕ್ಕೆ ಬೇಸರಪಡಬೇಕೋ ಬೇಡವೋ, ನೀವೇ ಹೇಳಿ.

ಕುರುಹು ಕೇಳಿದ್ದೀರಿ. 1939 ಮತ್ತು 1964ರ ಎರಡೂ ಮೇಳಗಳು ನಡೆದದ್ದು ನ್ಯೂಯಾರ್ಕ್ ನಗರದ ಭಾಗವಾದ ಕ್ವೀನ್ಸ್‌ನ ಫ್ಲಶಿಂಗ್ ಮೆಡೋಸ್‌ನಲ್ಲಿ. ನಿಮ್ಮ ಮಗನ ಮನೆಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸಾಗಬಹುದು. 140 ಅಡಿ ಎತ್ತರದ ಉಕ್ಕಿನ ಭೂಗೋಳ ‘ಯುನಿಸ್ಫಿಯರ್’ ಅಲ್ಲೇ ನಿಂತಿದೆ. ಪಕ್ಕದ ಕ್ವೀನ್ಸ್ ಮ್ಯೂಸಿಯಮ್ಮಿನಲ್ಲಿ ಇಡೀ ನ್ಯೂಯಾರ್ಕ್ ನಗರದ ಮಾದರಿಯಿದೆ: ನಿಜದ ನೂರು ಅಡಿಗೆ ಇಲ್ಲಿ ಒಂದಿಂಚು. 1964ರಲ್ಲಿ ಅದನ್ನು ನೋಡಲು ಹೆಲಿಕಾಪ್ಟರ್ ಸವಾರಿಯ ಹೆಸರಿನಲ್ಲಿ ಪುಟ್ಟ ಬಂಡಿಗಳಲ್ಲಿ ಕೂರಿಸಿ ಸುತ್ತು ಹಾಕಿಸುತ್ತಿದ್ದರು. ಈಗ ಬಂಡಿಗಳಿಲ್ಲ. ಸುತ್ತಲಿನ ಕಟ್ಟೆಯ ಮೇಲೆ ನಡೆದೇ ನೋಡಬೇಕು, ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ.

– ಸಂಪಾದಕ