ಬಿಳಿ ಪೇಂಟ್‌ನಲ್ಲಿ ಕರಗಿರುವುದೇನು?

ಪ್ರಶ್ನೆ: ಪೇಂಟ್‌ಗೆ ಬಣ್ಣ ಬರುವುದು ಹೇಗೆ? ನೀರಿನಲ್ಲಿ ಶಾಯಿ ಕರಗಿದ ಹಾಗೆ ಕರಗಿರುತ್ತದೆಯೇ? ಹಾಗಾದರೆ ಬಿಳಿ ಪೇಂಟ್‌ನಲ್ಲಿ ಕರಗಿರುವುದೇನು?

ಉತ್ತರ: ಬಣ್ಣ ಕರಗಿರುವುದೇ ಇಲ್ಲ. ಬಹಳ ದಿನ ಮುಟ್ಟದೆ ಇಟ್ಟ ಡಬ್ಬದ ಮುಚ್ಚಳ ತೆಗೆದು ನೋಡಿ. ಮೇಲೆ ತೆಳ್ಳನೆ ದ್ರವ, ತಳದಲ್ಲಿ ಗಟ್ಟಿ ಗಸಿ. ಆ ಗಸಿಯಲ್ಲೇ ಬಣ್ಣ ಇರುವುದು. ಅದೇ ಪಿಗ್ಮೆಂಟ್, ಅಂದರೆ ಕರಗದ ಬಣ್ಣದ ಪುಡಿ. ಕರಗುವುದಕ್ಕೆ ಡೈ ಅನ್ನುತ್ತಾರೆ, ಅದು ಬೇರೆ.

ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಸೇರಿರುತ್ತವಲ್ವಾ? ಪುಡಿಯ ಎಲೆಕ್ಟ್ರಾನುಗಳು ತಮಗೆ ಒಗ್ಗಿದ್ದನ್ನು ನುಂಗಿ ಉಳಿದದ್ದನ್ನು ಹೊರಗೆ ಬಿಡುತ್ತವೆ. ಕೆಮ್ಮಣ್ಣಿನ ಕಬ್ಬಿಣದ ಆಕ್ಸೈಡ್ ನೀಲಿ, ಹಸಿರನ್ನು ನುಂಗುತ್ತದೆ. ಕೆಂಪು ಉಳಿಯುತ್ತದೆ. ನಾವು ನೋಡುವುದು ಎಂಜಲು ಬೆಳಕು ಅನ್ನಿ!

ಓದುವ ದಿನಗಳಲ್ಲಿ ನಾನು ಹಳದಿ ಓಕರ್ (ಕಬ್ಬಿಣದ ಅಂಶವಿರುವ ಹಳದಿ ಮಣ್ಣು) ಪುಡಿಯನ್ನು ಸ್ಟೀಲ್ ಚಮಚದಲ್ಲಿಟ್ಟು ಸ್ಪಿರಿಟ್ ದೀಪದ ಮೇಲೆ ಹಿಡಿದಿದ್ದೆ. ಸುಮ್ನೆ, ಕುತೂಹಲಕ್ಕೆ. ಮೊದಲು ಅಂಚು ಕಂದಾಯಿತು, ಆಮೇಲೆ ಇಡೀ ಪುಡಿ ಇಟ್ಟಿಗೆಯಂತೆ ಕೆಂಪಾಯಿತು. ಚಮಚದ ಹಿಡಿ ಕಾದದ್ದು ಬೆರಳು ಚುರ್ ಅಂದಾಗಲೇ ಗೊತ್ತಾಗಿದ್ದು. ಪುಡಿಗೆ ನಾನು ಏನನ್ನೂ ಬೆರೆಸಿರಲಿಲ್ಲ. ಅದರೊಳಗಿನ ನೀರು ಹಬೆಯಾಗಿ ಹೋಗಿತ್ತು, ಪರಮಾಣುಗಳ ಜೋಡಣೆ ಬದಲಾಗಿತ್ತು, ಅಷ್ಟೆ. ಕಬ್ಬಿಣ ಅದೇ, ಬಣ್ಣ ಬೇರೆ.

2009ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಸಾಯನವಿಜ್ಞಾನಿ ಮಾಸ್ ಸುಬ್ರಮಣಿಯನ್ ಅವರ ತಂಡ ಎಲೆಕ್ಟ್ರಾನಿಕ್ಸ್‌ಗೆಂದು ಹೊಸ ವಸ್ತು ಹುಡುಕುತ್ತಿತ್ತು. ಇಟ್ರಿಯಂ, ಇಂಡಿಯಂ, ಮ್ಯಾಂಗನೀಸ್ ಅನ್ನುವ ಲೋಹಗಳ ಆಕ್ಸೈಡುಗಳನ್ನು ಬೆರೆಸಿ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರು. ಬೆರೆಸಿದ್ದರಲ್ಲಿ ಒಂದೂ ನೀಲಿ ಅಲ್ಲ. ಕುಲುಮೆಯಿಂದ ಬಂದದ್ದು ಮಾತ್ರ ಕಣ್ಣು ಕುಕ್ಕುವ ನೀಲಿ. ಇಲ್ಲೂ ಜೋಡಣೆಯದೇ ಆಟ.

ಇನ್ನು ಬಿಳಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಬಿಳಿ ಪೇಂಟ್‌ನ ಟೈಟಾನಿಯಂ ಡೈಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನು ಹೆಚ್ಚುಕಡಿಮೆ ನುಂಗುವುದೇ ಇಲ್ಲ. ಬಂದದ್ದನ್ನೆಲ್ಲ ಬಗ್ಗಿಸಿ, ಚದುರಿಸಿ ವಾಪಸ್ ಎಸೆಯುತ್ತದೆ. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ) ಸುಮಾರು 2.7, ಪೇಂಟ್‌ನಲ್ಲಿ ಪುಡಿಯ ಸುತ್ತ ಇರುವ ಎಣ್ಣೆಯದು 1.5ರ ಹತ್ತಿರ. ಈ ಅಂತರ ಇದ್ದರೇನೇ ಬೆಳಕು ಚದುರುವುದು. ಕಣದ ಅಳತೆಯೂ ಮುಖ್ಯ: 0.2ರಿಂದ 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೆ ಚೆನ್ನಾಗಿ ಚದುರಿಸುತ್ತದೆ. ತೀರಾ ನುಣ್ಣಗಾದರೆ ಗೋಡೆಯ ಕಲೆ ಇಣುಕುತ್ತದೆ.

ನಂಬಿಕೆ ಬರದಿದ್ದರೆ ಸೀಮೆಸುಣ್ಣದ ಪುಡಿಗೆ ಒಂದೆರಡು ಹನಿ ಎಣ್ಣೆ ಹಾಕಿ ಕಲಸಿ. ಅಷ್ಟು ಬೆಳ್ಳಗಿದ್ದ ಪುಡಿ ಮಂಕಾಗಿ, ಅರೆಪಾರದರ್ಶಕ ಪೇಸ್ಟ್ ಆಗುತ್ತದೆ. ಸೀಮೆಸುಣ್ಣದ ಸೂಚ್ಯಂಕ ಎಣ್ಣೆಯದಕ್ಕೆ ತೀರಾ ಹತ್ತಿರ, ಅದಕ್ಕೇ.